ಕಪಾಟಿನ ಬೀಗ, ಓದುಗನ ಕೈ: ರಂಗನಾಥನ್ ಅವರ ಪಂಚಸೂತ್ರಗಳನ್ನು ಗಡಿನಾಡಿನಿಂದ ಓದುವಾಗ

ಓದುವ ಸ್ವಾತಂತ್ರ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸರಕಾರದ ನಿಷೇಧಾಜ್ಞೆ, ನ್ಯಾಯಾಲಯದ ಕಟಕಟೆ, ನಡುಬೀದಿಯಲ್ಲಿ ಉರಿಯುವ ಪುಸ್ತಕದ ರಾಶಿ. ಅಮೆರಿಕದಲ್ಲಿ ಈ ಸ್ವಾತಂತ್ರ್ಯದ ಹೆಸರಿನಲ್ಲಿ ಒಂದು ವಾರಾಚರಣೆಯೇ ಇದೆ. ಅಲ್ಲಿನ ಗ್ರಂಥಪಾಲರ ಸಂಘವು 1953ರಲ್ಲಿ, ಎಡಪಂಥದ ವಾಸನೆ ಬಂದ ಪುಸ್ತಕಗಳನ್ನೆಲ್ಲ ಕಪಾಟಿನಿಂದ ಎಳೆದುಹಾಕುತ್ತಿದ್ದ ದಿನಗಳಲ್ಲಿ, ಓದುವ ಸ್ವಾತಂತ್ರ್ಯದ ಬಗ್ಗೆ ಒಂದು ಹೇಳಿಕೆಯನ್ನು ಹೊರಡಿಸಿತು. 1982ರಿಂದ ಪ್ರತಿವರ್ಷ ನಿಷೇಧಿತ ಪುಸ್ತಕಗಳ ಸಪ್ತಾಹ ನಡೆಯುತ್ತಿದೆ. ಆಗ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಸಾಲಾಗಿ ನಿಂತು, ಯಾರೋ ತೆಗೆಸಬೇಕೆಂದು ಹಟ ಹಿಡಿದ ಪುಸ್ತಕಗಳಿಂದ ಒಂದೊಂದು ಪುಟವನ್ನು ಗಟ್ಟಿಯಾಗಿ ಓದುತ್ತಾರೆ. ಇದು ಹಳೆಯ ಕಾಲದ ಸ್ಮರಣೆ ಮಾತ್ರವಲ್ಲ. 2023ರ ಒಂದೇ ವರ್ಷದಲ್ಲಿ ಅಂಥ ಒತ್ತಾಯಕ್ಕೆ ಗುರಿಯಾದ 4,240 ಬೇರೆಬೇರೆ ಪುಸ್ತಕಗಳನ್ನು ಆ ಸಂಘ ಲೆಕ್ಕ ಹಾಕಿದೆ.

ಆ ಆಚರಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಪುಸ್ತಕ ಓದುಗನಿಂದ ದೂರವಾಗುವುದಕ್ಕೆ ನಿಷೇಧವೇ ಬೇಕೆಂದಿಲ್ಲ. ಯಾರೂ ಸುಡದ, ಯಾರೂ ನಿಷೇಧಿಸದ, ದಾಖಲೆ ಪುಸ್ತಕದಲ್ಲಿ ಕ್ರಮಸಂಖ್ಯೆಯನ್ನೂ ಪಡೆದ ಪುಸ್ತಕವೊಂದು ಮೂವತ್ತು ವರ್ಷ ಒಬ್ಬನ ಕೈಗೂ ಸಿಗದೆ ಕುಳಿತಿರಬಹುದು. ಈ ಸದ್ದಿಲ್ಲದ ನಷ್ಟದ ಬಗ್ಗೆ ಅತ್ಯಂತ ಗಂಭೀರವಾಗಿ ಯೋಚಿಸಿದ ಗ್ರಂಥ ಹುಟ್ಟಿದ್ದು ನಮ್ಮದೇ ಹಳೆಯ ಮದ್ರಾಸು ಪ್ರಾಂತದಲ್ಲಿ, ಒಂದು ವಿಶ್ವವಿದ್ಯಾನಿಲಯದ ಗ್ರಂಥಪಾಲರ ಮೇಜಿನ ಮೇಲೆ. ಶಿಯಾಳಿ ರಾಮಾಮೃತ ರಂಗನಾಥನ್ ಅವರು ಇಂಗ್ಲಿಷಿನಲ್ಲಿ ಬರೆದು 1931ರಲ್ಲಿ ಮದ್ರಾಸು ಗ್ರಂಥಾಲಯ ಸಂಘ ಪ್ರಕಟಿಸಿದ, ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಕುರಿತ ಗ್ರಂಥವದು. ಗ್ರಂಥಪಾಲರ ತರಬೇತಿಗೆ ಪಠ್ಯವಾಗಿ ಅದು ಪ್ರಸಿದ್ಧ. ನಾನು ಆ ಶಾಸ್ತ್ರ ಕಲಿತವನಲ್ಲ. ಬಿ.ಎ. ಮುಗಿಸಿ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಒಬ್ಬ ಗುಮಾಸ್ತ. ಆದುದರಿಂದ ಅದನ್ನು ಪಠ್ಯವಾಗಿ ಅಲ್ಲ, ಓದುಗನ ಹಕ್ಕುಗಳ ಸಂಹಿತೆಯಾಗಿ ಇಲ್ಲಿ ಪರಿಶೀಲಿಸುತ್ತಿದ್ದೇನೆ.

ಲೇಖಕರ ಹಿನ್ನೆಲೆಯಲ್ಲಿ ನಮ್ಮ ಕಡೆಯವರು ತಿಳಿದಿರಬೇಕಾದ ಒಂದೆರಡು ಸಂಗತಿಗಳಿವೆ. ಗಣಿತದ ಎಂ.ಎ. ಪದವೀಧರರಾದ ರಂಗನಾಥನ್ 1917ರಲ್ಲಿ ಅಧ್ಯಾಪಕ ವೃತ್ತಿ ಆರಂಭಿಸಿದ್ದು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಆಗ ಕಾಸರಗೋಡು ಅದೇ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1924ರ ಜನವರಿಯಲ್ಲಿ ಅವರು ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲರಾದರು. ಕೆಲವೇ ದಿನಗಳಲ್ಲಿ ಬೇಸತ್ತು, ನನಗೆ ಪಾಠ ಹೇಳುವ ಕೆಲಸವೇ ಇರಲಿ ಎಂದು ಹಿಂದಿರುಗಲು ಹೊರಟಿದ್ದರು. ಲಂಡನ್ನಿಗೆ ತರಬೇತಿಗೆ ಹೋಗಿ, ಅಲ್ಲಿನ ಹಲವಾರು ಗ್ರಂಥಾಲಯಗಳನ್ನು ಸುತ್ತಿ, 1925ರಲ್ಲಿ ಮರಳಿದಾಗ ಅವರು ಬೇರೆಯೇ ಮನುಷ್ಯ. ಸೂತ್ರಗಳು ರೂಪುಗೊಂಡದ್ದು 1928ರಲ್ಲಿ.

ಸೂತ್ರಗಳು ಐದೇ. ಪುಸ್ತಕವಿರುವುದು ಬಳಸುವುದಕ್ಕೆ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ಸಿಗಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕು, ಓದುಗನ ಸಮಯ ಹಾಳಾಗಬಾರದು, ಗ್ರಂಥಾಲಯ ಬೆಳೆಯುವ ಜೀವಿ. ಮೊದಲ ನೋಟಕ್ಕೆ ಇದರಲ್ಲೇನಿದೆ ಎನ್ನಿಸುತ್ತದೆ. ಗ್ರಂಥದ ಹೆಚ್ಚುಗಾರಿಕೆ ಇರುವುದು ಈ ಸರಳ ಮಾತುಗಳಿಂದ ಅವರು ಹೊರಡಿಸುವ ನಿಷ್ಠುರವಾದ ತೀರ್ಮಾನಗಳಲ್ಲಿ. ಗಣಿತದ ಮೇಷ್ಟ್ರು ಸ್ವಯಂಸಿದ್ಧ ಮಾತಿನಿಂದ ಪ್ರಮೇಯಗಳನ್ನು ಬಿಡಿಸುವ ಹಾಗೆ, ಪುಸ್ತಕ ಬಳಕೆಗೆ ಎಂದು ಒಮ್ಮೆ ಒಪ್ಪಿದ ಮೇಲೆ ನೀವು ಏನೇನನ್ನು ಒಪ್ಪಬೇಕಾಗುತ್ತದೆ ಎಂದು ಅವರು ಒಂದೊಂದಾಗಿ ತೋರಿಸುತ್ತಾರೆ. ಯುರೋಪಿನ ಮಧ್ಯಯುಗದ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದ ಚಿತ್ರದಿಂದ ಗ್ರಂಥ ತೊಡಗುತ್ತದೆ. ಸರಪಳಿ ಹೋದ ಮಾತ್ರಕ್ಕೆ ಬಂಧನ ಹೋಗಲಿಲ್ಲ. ಊರ ಹೊರಗೆ ಗ್ರಂಥಾಲಯ ಕಟ್ಟಿದರೆ ಅದೊಂದು ಸರಪಳಿ. ದುಡಿಯುವವನಿಗೆ ಬಿಡುವಾಗುವ ಹೊತ್ತಿಗೆ ಬಾಗಿಲು ಹಾಕಿದರೆ ಅದೊಂದು ಸರಪಳಿ. ಕೈಗೆ ಎಟುಕದ ಎತ್ತರಕ್ಕೆ ಕಪಾಟು ಮಾಡಿಸಿದರೆ ಅದೂ ಒಂದು. ಗ್ರಂಥಾಲಯದ ಜಾಗ, ಹೊತ್ತು, ಪೀಠೋಪಕರಣ, ಸಿಬ್ಬಂದಿ ಎಲ್ಲವೂ ಹೀಗೆ ಮೊದಲನೆಯ ಸೂತ್ರದ ಮುಂದೆ ವಿಚಾರಣೆಗೆ ನಿಲ್ಲುತ್ತವೆ.

ಬರವಣಿಗೆಯ ರೀತಿಯೂ ಗಮನಾರ್ಹ. ವಿಷಯ ಶಾಸ್ತ್ರದ್ದಾದರೂ ಮಾತಿನ ಧಾಟಿ ಪುರಾಣಿಕನದು. ಸೂತ್ರಗಳು ಅಲ್ಲಿ ಪಾತ್ರಗಳಂತೆ ನಡೆದಾಡುತ್ತವೆ. ಎರಡನೆಯ ಸೂತ್ರದ ಹೋರಾಟಕ್ಕೆ ಒಂದು ಅಧ್ಯಾಯ, ಅದು ದೇಶದೇಶಗಳನ್ನು ಗೆಲ್ಲುತ್ತ ಹೋಗುವುದಕ್ಕೆ ಇನ್ನೊಂದು ಅಧ್ಯಾಯ. ಈ ಎರಡನೆಯದಕ್ಕೆ ಅವರು ಇಂಗ್ಲಿಷ್ ಪುಸ್ತಕದಲ್ಲಿಯೂ ‘ದಿಗ್ವಿಜಯ’ ಎಂಬ ಸಂಸ್ಕೃತ ಪದವನ್ನೇ ಉಳಿಸಿಕೊಂಡಿದ್ದಾರೆ. ಯಕ್ಷಗಾನದ ರಂಗಸ್ಥಳದ ಎದುರು ಬೆಳೆದ ನಮಗೆ ಈ ಧಾಟಿ ಅಪರಿಚಿತವಲ್ಲ. ಹಾಗೆಂದು ಎಲ್ಲವೂ ಸವಿ ಎನ್ನಲಾರೆ. ಪರದೇಶಗಳ ಸಾಧನೆಯ ವಿವರಗಳು ಪುಟಗಟ್ಟಲೆ ಹರಿದು ಇಂದಿನ ಓದುಗನನ್ನು ದಣಿಸುತ್ತವೆ. ಅಂಥ ಪುಟಗಳನ್ನು ಮಗುಚಿ ಮುಂದೆ ಹೋದರೆ ನಷ್ಟವೇನೂ ಇಲ್ಲ.

ನಷ್ಟವಾಗುವುದು ಮೂರನೆಯ ಸೂತ್ರವನ್ನು ಕುರಿತ ಭಾಗವನ್ನು ಬಿಟ್ಟರೆ. ಮುಕ್ತ ಪ್ರವೇಶದ ವಿಚಾರ ಅಲ್ಲಿ ವಿಸ್ತಾರವಾಗಿ ಬರುತ್ತದೆ. ಎಂದರೆ ಓದುಗ ತಾನೇ ಕಪಾಟಿನ ಬಳಿಗೆ ಹೋಗಿ, ಪುಸ್ತಕವನ್ನು ಎಳೆದು, ತಿರುವಿ, ಬೇಡವಾದರೆ ಅಲ್ಲೇ ಇಟ್ಟು, ಪಕ್ಕದ್ದನ್ನು ಎತ್ತಿಕೊಳ್ಳುವ ಸ್ವಾತಂತ್ರ್ಯ. ಇದರ ಮಹತ್ವ ನನ್ನ ವೃತ್ತಿಯವರಿಗೆ ಬೇಗ ಅರ್ಥವಾದೀತು. ಬ್ಯಾಂಕಿನಲ್ಲಿ ಗಿರಾಕಿಗೆ ಕೌಂಟರಿನವರೆಗೆ ಮಾತ್ರ ಪ್ರವೇಶ. ಅವನದೇ ಹಣವಾದರೂ ಖಜಾನೆಯ ಕೋಣೆಗೆ ಅವನನ್ನು ಬಿಡುವುದಿಲ್ಲ. ಚೀಟಿ ಬರೆದುಕೊಟ್ಟರೆ ನಾವು ಒಳಗಿನಿಂದ ತಂದುಕೊಡುತ್ತೇವೆ. ಹಣಕ್ಕೆ ಇದು ಸರಿಯಾದ ಕ್ರಮ, ಏಕೆಂದರೆ ಒಂದು ನೂರು ರೂಪಾಯಿ ನೋಟಿಗೂ ಇನ್ನೊಂದಕ್ಕೂ ಭೇದವಿಲ್ಲ. ಪುಸ್ತಕ ಹಾಗಲ್ಲ. ಓದುಗ ಚೀಟಿಯಲ್ಲಿ ಬರೆಯಬಲ್ಲದ್ದು ತಾನು ಆಗಲೇ ಕೇಳಿಬಲ್ಲ ಹೆಸರನ್ನು ಮಾತ್ರ. ತಾನು ಕೇಳಿಯೇ ಇಲ್ಲದ ಪುಸ್ತಕವನ್ನು ಅವನು ಕೇಳುವುದು ಹೇಗೆ? ಬೀಗ ಹಾಕಿದ ಕಪಾಟಿನ ಗ್ರಂಥಾಲಯ ಓದುಗನನ್ನು ಅವನ ಈಗಿನ ತಿಳುವಳಿಕೆಯ ಗಡಿಯೊಳಗೇ ನಿಲ್ಲಿಸಿಬಿಡುತ್ತದೆ. ಬೀಗ ತೆಗೆದರೆ ಪುಸ್ತಕ ಕಳ್ಳತನವಾಗುವುದಿಲ್ಲವೇ ಎಂಬ ಆಕ್ಷೇಪವನ್ನೂ ರಂಗನಾಥನ್ ಎದುರಿಸುತ್ತಾರೆ. ನಾಲ್ಕು ಪುಸ್ತಕ ಕಳೆದುಹೋದಾವೆಂದು ಸಾವಿರ ಪುಸ್ತಕಗಳನ್ನು ಓದುಗರಿಂದ ಕಳೆಯುವುದು ಯಾವ ಲೆಕ್ಕವೂ ಅಲ್ಲ. ವಸೂಲಾಗದ ಸಾಲದ ಭಯದಿಂದ ಸಾಲ ಕೊಡುವುದನ್ನೇ ನಿಲ್ಲಿಸಿದ ಬ್ಯಾಂಕು ಎಷ್ಟು ದಿನ ನಡೆದೀತು?

ನನ್ನ ಅನುಭವದ ಎರಡು ಗ್ರಂಥಾಲಯಗಳನ್ನು ಇಲ್ಲಿ ಹೋಲಿಸುವುದು ಅಪ್ರಸ್ತುತವಾಗದು. ನಾನು ಪದವಿ ಓದಿದ ಕಾಲೇಜಿನಲ್ಲಿ ಗ್ರಂಥಾಲಯವೆಂದರೆ ಒಂದು ಕಿಟಕಿ. ಚೀಟಿ ಕೊಟ್ಟರೆ ಒಳಗಿನಿಂದ ಪುಸ್ತಕ ತರುತ್ತಿದ್ದವರು ಸಜ್ಜನರಾದ ಒಬ್ಬ ಅಟೆಂಡರ್. ಅವರಿಗೆ ಮಲಯಾಳವೂ ಇಂಗ್ಲಿಷೂ ಓದಲು ಬರುತ್ತಿತ್ತು, ಕನ್ನಡ ಲಿಪಿ ಬರುತ್ತಿರಲಿಲ್ಲ. ಕನ್ನಡ ಪುಸ್ತಕದ ಬೆನ್ನು ಅವರಿಗೆ ಬರಿಯ ಚಿತ್ತಾರ. ಬೆನ್ನಿನ ಮೇಲಿನ ಸಂಖ್ಯೆ ಅಳಿಸಿಹೋಗಿದ್ದರೆ, ‘ಇಲ್ಲ’ ಎಂಬ ಉತ್ತರ ಬರುತ್ತಿತ್ತು. ಪುಸ್ತಕ ಇತ್ತು, ಸರಕಾರದ ದುಡ್ಡಿನಿಂದ ಕೊಂಡದ್ದು, ಯಾರ ನಿಷೇಧವೂ ಇರಲಿಲ್ಲ. ಆದರೂ ಇಲ್ಲ. ಆ ಅಟೆಂಡರರನ್ನು ನಾನು ದೂರುವುದಿಲ್ಲ. ಒಳಗೆ ಹೋಗಿ ನೋಡಲು ಬಿಟ್ಟಿದ್ದರೆ ಅವರಿಗೂ ಶ್ರಮ ತಪ್ಪುತ್ತಿತ್ತು, ನಮಗೂ ಪುಸ್ತಕ ಸಿಗುತ್ತಿತ್ತು. ಮುಚ್ಚಿದ ಕಪಾಟಿನಿಂದ ಎಲ್ಲ ಓದುಗರಿಗೂ ತೊಂದರೆಯೇ. ಆದರೆ ಅಲ್ಪಸಂಖ್ಯಾತ ಲಿಪಿಯ ಓದುಗನಿಗೆ ಅದು ಇಮ್ಮಡಿ ತೊಂದರೆ ಎಂಬುದು ರಂಗನಾಥನ್ ಗ್ರಂಥವನ್ನು ಓದಿದಾಗ ನನಗೆ ಸ್ಪಷ್ಟವಾಯಿತು.

ಎರಡನೆಯದು ಗಡಿಯಾಚೆಗಿನ ಒಂದು ವಿಶ್ವವಿದ್ಯಾನಿಲಯದ ಗ್ರಂಥಾಲಯ. 2015ರಿಂದ ಬ್ಯಾಂಕಿನವರಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ದೊರೆತ ಮೇಲೆ, ಅನುಮತಿ ಪಡೆದು ಕೆಲವು ಕಾಲ ಅಲ್ಲಿಗೆ ಹೋಗುತ್ತಿದ್ದೆ. ನಾನು ವಿದ್ಯಾರ್ಥಿಯೂ ಅಲ್ಲ, ಸಂಶೋಧಕನೂ ಅಲ್ಲ. ಯಾವ ಪದವಿಗಾಗಿ ಓದುತ್ತೀರಿ ಎಂದು ಯಾರೂ ಕೇಳಲಿಲ್ಲ. ಗೋವಿಂದ ಪೈಗಳ ಸಂಶೋಧನ ಲೇಖನಗಳನ್ನು ಅರಸಿ ಹೋದವನಿಗೆ ಅಲ್ಲೇ ಹತ್ತಿರದಲ್ಲಿ ಮುಳಿಯ ತಿಮ್ಮಪ್ಪಯ್ಯನವರ ‘ನಾಡೋಜ ಪಂಪ’ ಸಿಕ್ಕಿತು. ಆ ದಿನ ನಾನು ಗೋವಿಂದ ಪೈಗಳನ್ನು ಓದಲೇ ಇಲ್ಲ. ಹುಡುಕಿದ್ದು ಒಂದು, ದೊರೆತದ್ದು ಇನ್ನೊಂದು; ವಿಶ್ವವಿದ್ಯಾನಿಲಯದ ಗ್ರಂಥಾಲಯ ಕೊಡಬಹುದಾದ ದೊಡ್ಡ ಸಂಭ್ರಮ ಇದೇ ಎಂದು ನಾನು ತಿಳಿದಿದ್ದೇನೆ. ಪರೀಕ್ಷೆಯ ಅಂಕುಶವಿಲ್ಲದೆ, ಯಾರಿಗೂ ಉತ್ತರ ಹೇಳಬೇಕಾಗಿಲ್ಲದೆ, ದಾರಿ ತಪ್ಪಿ ಓದುವ ಸ್ವಾತಂತ್ರ್ಯ ಅದು. ಗ್ರಂಥಾಲಯವನ್ನು ಯಂತ್ರದಂತೆ ಅಚ್ಚುಕಟ್ಟಾಗಿ ನಡೆಸಬಯಸಿದ ಗಣಿತಜ್ಞನೊಬ್ಬ ಓದುಗ ಹೀಗೆ ದಾರಿ ತಪ್ಪುವುದಕ್ಕೂ ಜಾಗ ಬಿಟ್ಟದ್ದು ಆಶ್ಚರ್ಯವೇ ಸರಿ.

ರಂಗನಾಥನ್ ಸೂತ್ರಗಳನ್ನು ರೂಪಿಸಿದ 1928ರಲ್ಲಿಯೇ, ವರ್ಜೀನಿಯಾ ವುಲ್ಫ್ ಕೇಂಬ್ರಿಜಿನ ಮಹಿಳಾ ಕಾಲೇಜುಗಳಲ್ಲಿ ಕೊಟ್ಟ ಉಪನ್ಯಾಸಗಳು ಮರುವರ್ಷ ಗ್ರಂಥರೂಪ ಪಡೆದವು. ಅದರಲ್ಲಿ ವಿಶ್ವವಿದ್ಯಾನಿಲಯದ ಗ್ರಂಥಾಲಯದ ಬಾಗಿಲಿಗೆ ಹೋದ ಹೆಂಗಸನ್ನು ಒಬ್ಬ ವೃದ್ಧರು ವಿನಯದಿಂದಲೇ ಹಿಂದಕ್ಕೆ ಕಳುಹಿಸುವ ಪ್ರಸಂಗವಿದೆ. ಜೊತೆಗೆ ಕಾಲೇಜಿನ ಫೆಲೋ ಇರಬೇಕು, ಇಲ್ಲವೇ ಪರಿಚಯ ಪತ್ರ ಬೇಕು. ಅಲ್ಲೂ ಪುಸ್ತಕ ನಿಷೇಧಿತವಲ್ಲ, ಓದುಗಳು ನಿಷೇಧಿತಳು. ವುಲ್ಫ್ ಹೊರಗೆ ನಿಂತು ಹೇಳಿದ್ದನ್ನು ಮದ್ರಾಸಿನ ಗ್ರಂಥಪಾಲರು ಒಳಗೆ ಕುಳಿತು ಹೇಳಿದರು. ಎರಡನೆಯ ಸೂತ್ರದ ವ್ಯಾಖ್ಯಾನದಲ್ಲಿ ಹೆಂಗಸರು, ಹಳ್ಳಿಯವರು, ಅಂಧರು, ಸೆರೆಮನೆಯವರು, ಕಡಲ ಮೇಲೆ ದುಡಿಯುವವರು, ಮಕ್ಕಳು ಹೀಗೆ ಬಾಗಿಲ ಹೊರಗೆ ನಿಂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಒಳಗೆ ಕರೆಯುತ್ತಾರೆ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಇಲ್ಲಿಯೇ ನನ್ನ ಒಂದು ತಕರಾರಿದೆ. ಇಷ್ಟು ಜನರನ್ನು ಹೆಸರಿಸಿ ಕರೆದ ಗ್ರಂಥದಲ್ಲಿ ಭಾಷೆಯ ಕಾರಣದಿಂದ ಹೊರಗುಳಿದ ಓದುಗನಿಗೆ ಮೀಸಲಾದ ಅಧ್ಯಾಯವಿಲ್ಲ. ತಮಿಳು, ತೆಲುಗು, ಮಲಯಾಳ, ಕನ್ನಡ, ತುಳು, ಕೊಂಕಣಿಗಳೆಲ್ಲ ಒಂದೇ ಆಡಳಿತದಲ್ಲಿದ್ದ ಪ್ರಾಂತದಲ್ಲಿ ಕುಳಿತು, ಮಂಗಳೂರಿನಂಥ ಊರಿನಲ್ಲಿ ಪಾಠ ಹೇಳಿದವರೊಬ್ಬರು ಬರೆದ ಗ್ರಂಥವಿದು. ‘ಪ್ರತಿಯೊಬ್ಬ’ ಎಂದಾಗ ಎಲ್ಲ ಭಾಷೆಯವರೂ ಸೇರಿದರಲ್ಲ ಎಂದು ಸಮರ್ಥಿಸಬಹುದು. ತತ್ತ್ವದಲ್ಲಿ ಅದು ಸರಿ. ಆದರೆ ಕಚೇರಿಯಲ್ಲಿ ದುಡಿದವರಿಗೆ ಗೊತ್ತು, ಲೆಕ್ಕದ ಶೀರ್ಷಿಕೆಯಿಲ್ಲದ ಬಾಬತ್ತಿಗೆ ಹಣ ಮಂಜೂರಾಗುವುದಿಲ್ಲ. ಎಲ್ಲರ ಹೆಸರಿನಲ್ಲಿ ಸೇರಿಹೋದವನಿಗೆ ಕೊನೆಯ ಪಾಲೂ ಸಿಗುವುದು ಕಷ್ಟ. ಎರಡನೆಯ ಸೂತ್ರಕ್ಕೆ ಗಡಿನಾಡಿನವರು ಒಂದು ಮಾತನ್ನು ಬಿಡಿಸಿ ಓದಬೇಕು: ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಅವನ ಭಾಷೆಯಲ್ಲಿ, ಮತ್ತು ಆ ಭಾಷೆಯ ಬೆನ್ನಕ್ಷರವನ್ನು ಓದಬಲ್ಲ ಒಬ್ಬ ಸಿಬ್ಬಂದಿ.

ಈ ಕೊರತೆ ಹೇಳುವಾಗ ಋಣವನ್ನೂ ಹೇಳಬೇಕು. ರಂಗನಾಥನ್ ಅವರ ಪ್ರಯತ್ನದಿಂದ ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1948ರಲ್ಲಿ ಮದ್ರಾಸಿನಲ್ಲಿ ಬಂತು. ಕಾಸರಗೋಡು ಆಗ ಮದ್ರಾಸಿನದೇ ಭಾಗ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಮೇಲೂ, 1989ರ ಕೇರಳ ಕಾಯಿದೆ ಬರುವವರೆಗೆ ಮಲಬಾರು ಪ್ರದೇಶದಲ್ಲಿ ಆ ಹಳೆಯ ಮದ್ರಾಸು ಕಾಯಿದೆಯೇ ಮುಂದುವರಿಯಿತು. ಕರ್ನಾಟಕದ ಕಾಯಿದೆ 1965ರದು. ಭಾಷೆಯ ಗಡಿ ಎಲ್ಲಿ ಎಂದು ನಾವು ಜಗಳವಾಡುತ್ತಿದ್ದ ದಶಕಗಳಲ್ಲಿ ನಮ್ಮ ಗ್ರಂಥಾಲಯಗಳು ಈ ಒಬ್ಬ ಮನುಷ್ಯನ ನೆರಳಿನಲ್ಲಿದ್ದವು ಎಂಬುದು ನಮ್ಮ ಎರಡು ಭಾಷೆಯವರಿಗೂ ನೆನಪಿರಬೇಕಾದ ವಿಷಯ.

ಮೂರನೆಯ ಸೂತ್ರ, ಪುಸ್ತಕ ತನ್ನ ಓದುಗನನ್ನು ಹುಡುಕುತ್ತದೆ ಎಂಬುದು, ನಮ್ಮ ಜಿಲ್ಲೆಯಲ್ಲಿ ಭಾಷೆಯ ಗಡಿಯನ್ನೇ ದಾಟಿದ ನಿದರ್ಶನವೊಂದಿದೆ. ಕಯ್ಯೂರಿನ ರೈತರ ಹೋರಾಟ ನಡೆದದ್ದು 1941ರಲ್ಲಿ. ನಾಲ್ವರನ್ನು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದ್ದು 1943ರಲ್ಲಿ. ಮಲಯಾಳ ಮಾತಾಡುವ ಆ ರೈತರ ಕತೆಯನ್ನು ಕಾದಂಬರಿಯಾಗಿ ಬರೆದವರು ನೀಲೇಶ್ವರದಲ್ಲಿ ಓದಿದ ನಿರಂಜನರು, ಕನ್ನಡದಲ್ಲಿ, ‘ಚಿರಸ್ಮರಣೆ’ ಎಂದು. ಸಿ. ರಾಘವನ್ ಅವರ ಅನುವಾದದಿಂದ ಅದು ಮಲಯಾಳಕ್ಕೆ ಹೋಗಿ, ತಾನು ಯಾರ ಕತೆ ಹೇಳಿತೋ ಅವರ ಮನೆಮನೆಗೆ ತಲುಪಿತು. ಕನ್ನಡ ಪುಸ್ತಕ ಇಲ್ಲಿನ ಕಪಾಟಿನಲ್ಲಿರುವುದು ಕನ್ನಡಿಗರಿಗೆ ತೋರಿಸುವ ದಾಕ್ಷಿಣ್ಯ ಎಂದು ತಿಳಿದವರು ಈ ಒಂದು ಪುಸ್ತಕದ ಪ್ರಯಾಣವನ್ನು ನೋಡಬೇಕು. ಕಪಾಟಿನಲ್ಲಿ ಕನ್ನಡ ಇಲ್ಲವಾದರೆ ಮಲಯಾಳ ಓದುಗರಿಗೂ ನಷ್ಟವಿದೆ.

ಕೊನೆಯದು ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು. ಗ್ರಂಥಾಲಯ ಬೆಳೆಯುವ ಜೀವಿ ಎಂಬ ಐದನೆಯ ಸೂತ್ರಕ್ಕೆ ಇನ್ನೊಂದು ಮುಖವಿದೆ: ಬೆಳೆಯುವ ಜೀವಿ ಸೊರಗಲೂ ಬಲ್ಲದು. ಕೇರಳದಲ್ಲಿ ಹಳ್ಳಿಯ ವಾಚನಾಲಯಗಳನ್ನು ನಡೆಸುವುದು ಸದಸ್ಯರು ಆರಿಸಿದ ಸಮಿತಿ, 1945ರಲ್ಲಿ ಪಿ.ಎನ್. ಪಣಿಕ್ಕರ್ ಮೊದಲಾದವರು ಕಟ್ಟಿದ ಗ್ರಂಥಶಾಲಾ ಚಳವಳಿಯ ಬಳುವಳಿ ಅದು. ಕರ್ನಾಟಕದಲ್ಲಿ ಇದು ಬಹುಮಟ್ಟಿಗೆ ಇಲಾಖೆಯ ಕೆಲಸ. ಇಲ್ಲಿ ಯಾವ ಪುಸ್ತಕ ಕೊಳ್ಳಬೇಕೆಂದು ಹೇಳುವ ಅವಕಾಶ ಸದಸ್ಯನಿಗೂ ಉಂಟು. ಹಾಗಿರುವಾಗ ನಮ್ಮ ಎಷ್ಟು ಮನೆಗಳವರು ಊರಿನ ವಾಚನಾಲಯದ ಸದಸ್ಯರು? ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಹತ್ತು ಕನ್ನಡ ಪುಸ್ತಕಗಳ ಪಟ್ಟಿ ಕೊಟ್ಟವರೆಷ್ಟು? ನಿರಾಕರಣೆ ಬಂದರೆ ಹೋರಾಡೋಣ. ಕೇಳದೆಯೇ ನಿರಾಕರಣೆ ಎಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಬೀಗ ಒಂದಿದೆ. ಅದನ್ನು ರಂಗನಾಥನ್ ಅವರ ಐದು ಸೂತ್ರಗಳೂ ತೆಗೆಯಲಾರವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಮಕ್ಕಳಲ್ಲಿ ಕನ್ನಡವನ್ನು ಮಾತಾಡಬಲ್ಲ, ಆದರೆ ಓದಲಾರದ ಮಕ್ಕಳಿದ್ದಾರೆ. ಕಪಾಟು ತೆರೆದೇ ಇದ್ದರೂ ಅವರಿಗೆ ಕನ್ನಡದ ಬೆನ್ನಕ್ಷರ ಆ ಅಟೆಂಡರರಿಗೆ ಕಂಡ ಹಾಗೆಯೇ ಚಿತ್ತಾರ. ಈ ಬೀಗದ ಕೈ ತಿರುವನಂತಪುರದಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ರಾತ್ರಿ ಊಟದ ಮೊದಲು ಅರ್ಧ ಗಂಟೆ ಮಗುವಿನೊಡನೆ ಅಕ್ಷರ ಕೂಡಿಸಿ ಓದುವ ಅಪ್ಪ ಅಮ್ಮಂದಿರ ಕೈಯಲ್ಲಿದೆ.

ನಮ್ಮ ಬ್ಯಾಂಕುಗಳಲ್ಲಿ ಒಂದು ನಿಯಮವಿದೆ. ಖಾತೆದಾರ ಎರಡು ವರ್ಷ ಯಾವ ವ್ಯವಹಾರವನ್ನೂ ಮಾಡದಿದ್ದರೆ ಉಳಿತಾಯ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಕಳೆದರೆ ಅದರಲ್ಲಿದ್ದ ಹಣ 2014ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹಾಗೆಂದು ಅದು ಮುಳುಗಿಹೋಗುವುದಿಲ್ಲ. ಹಕ್ಕುದಾರ ಬಂದು ಕೇಳಿದರೆ ಸಿಗುತ್ತದೆ. ಗಡಿನಾಡಿನ ಕಪಾಟುಗಳಲ್ಲಿ ದಿನಾಂಕದ ಮುದ್ರೆ ಬೀಳದೆ ಕುಳಿತಿರುವ ಕನ್ನಡ ಪುಸ್ತಕಗಳ ಸ್ಥಿತಿಯೂ ಅದೇ. ಕಪಾಟಿನ ಬೀಗ ತೆಗೆಯಬೇಕೆಂದು 1931ರಲ್ಲಿಯೇ ಒಬ್ಬರು ವಾದಿಸಿ ಗೆದ್ದುಕೊಟ್ಟಿದ್ದಾರೆ. ಹಕ್ಕುದಾರರು ಬರಬೇಕಾಗಿದೆ.